ಸಂದಿನೊಳಗಿನ ಹೊಲಸು

ಅವಳ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದ ಒಂಬತ್ತನ್ನೂ ಮಾಂಸಕ್ಕೆ ತಾಗುವಷ್ಟು ಕತ್ತರಿಸಿಕೊಳ್ಳುತ್ತಿದ್ದಳು. ಇದೊಂದನ್ನು ಬ್ಲೇಡಿನಿಂದ ಹೆರೆದು ಚೂಪು ಮಾಡಿ ಇಟ್ಟುಕೊಂಡಿದ್ದಳು. ಅಂಗಡಿಯ ಬಾಗಿಲಲ್ಲಿ ಕಾಲು ಚಾಚಿ ಕೂತು, ವಿಡಿಯೋ ಗೇಮಿನ ರಿಮೋಟನ್ನು ಮಡಿಲಲ್ಲಿ ಬೋರಲು ಹಾಕಿ, ಅದರ ಎರಡು ಪ್ಲಾಸ್ಟಿಕ್ ಹೋಳುಗಳು ಕೂಡುವ ಸಂದಿನಲ್ಲಿ ಆ ಉಗುರು ಇಳಿಸಿ ಈ ತುದಿಯಿಂದ ಆ ತುದಿಗೆ ಎಳೆದಳೆಂದರೆ, ಕಪ್ಪನೆಯ ಮೇಣದಂಥ ಒಂದು ಎಳೆ ಸುರುಳಿ ಸುತ್ತಿಕೊಂಡು ಹೊರಗೆ ಬರುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡುವಳು, ಮೂಸುವಳು. ನಾವು ಹುಡುಗರು ಮುಖ ಸಿಂಡರಿಸಿದಷ್ಟೂ ಅವಳಿಗೆ ಖುಷಿ.

"ಇದು ಗುಟಕಾ. ಇದು ಮಿರ್ಚಿ ಎಣ್ಣಿ. ಇದು ಬರೇ ಬೆವರು. ಇದು ಏನಂತ ನಾ ಹೇಳಂಗಿಲ್ಲ, ನಿಮ್ಮ ನಿಮ್ಮ ಮೂಗಿಗಿ ಕೇಳ್ರಿ."

ರಾಯಚೂರಿನಲ್ಲಿ ನಮ್ಮ ಓಣಿಯ ಕೊನೆಗೆ ತಗಡಿನ ಮಾಡಿನ ಒಂದು ಕೋಣೆ, ನಾಲ್ಕು ಟಿ.ವಿ., ನೀರು ಹಾಕಿದರೂ ಬಿಸಿಗಾಳಿಯನ್ನೇ ಬಿಡುವ ಒಂದು ಕೂಲರ್, ಗೋಡೆಯ ಮೇಲೊಂದು ಬುದ್ಧನ ಪಟ. ಇಷ್ಟೇ ಅವಳ ಗೇಮ್ ಅಂಗಡಿ. ಗಂಡ ಹಾಕಿದ ಅಂಗಡಿ ಅದು. ಅವನು ತೀರಿಕೊಂಡ ಮೇಲೆ ಮುಚ್ಚಿಬಿಡು ಅಂದವರೇ ಎಲ್ಲ. ಹೆಂಗಸು, ಅದರಲ್ಲೂ ಗಬ್ಬೂರಿನಿಂದ ಬಂದ ಕೂಲಿಯವರ ಮನೆಯ ಹೆಂಗಸು, ಹುಡುಗರಿಗೆ ಆಟ ಆಡಿಸುವ ಅಂಗಡಿ ನಡೆಸುವುದೆಂದರೇನು ಎಂದು ನಮ್ಮ ಮನೆಯಲ್ಲೂ ಮಾತಾಡಿಕೊಂಡಿದ್ದು ನನಗೆ ನೆನಪಿದೆ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗಳನ್ನು ಗಬ್ಬೂರಿನಲ್ಲಿ ತಂಗಿಯ ಮನೆಯಲ್ಲಿ ಓದಲು ಬಿಟ್ಟು, ತಾನು ಈ ತಗಡಿನ ಕೆಳಗೆ ಬೆಂದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ಒಂದು ಆಟ ಆಡಿದವಳಲ್ಲ. ನಾವು ಹುಡುಗರೆಲ್ಲ ಅವಳನ್ನು ಗೇಮಿನವ್ವ ಎಂದು ಕರೆಯುತ್ತಿದ್ದೆವು.

ನನಗೆ ಅಸಹ್ಯ ಬಹಳ ಬೇಗ ಹುಟ್ಟುತ್ತದೆ. ಯಾರಾದರೂ ಎಂಜಲು ಬೆರಳಿನಿಂದ ನೋಟು ಎಣಿಸಿದರೆ ನಾನು ಅಂದು ಊಟ ಮಾಡುವುದು ಕಷ್ಟ. ಹಾಗಿದ್ದೂ ಅವಳ ಅಂಗಡಿಯ ರಿಮೋಟನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ. ಒಬ್ಬನ ಆಟ ಮುಗಿದು ಇನ್ನೊಬ್ಬನ ಕೈಗೆ ಹೋಗುವ ಮುನ್ನ ಅದು ಅವಳ ಮಡಿಲಿಗೆ ಹೋಗಲೇಬೇಕು. ಸ್ಪಿರಿಟ್ಟಿನ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಹತ್ತಿ ಸುತ್ತಿದ ಕಡ್ಡಿ, ಕೊನೆಗೆ ಆ ಉಗುರು. ಕೈ ತೊಳೆಯದೆ ಒಳಗೆ ಬಂದವನ ಕಿವಿ ಹಿಡಿದು ನಲ್ಲಿಗೆ ನಡೆಸುತ್ತಿದ್ದಳು. ಆ ಕಿವಿ ಕೌನ್ಸಿಲರ್ ಮನೆಯದೋ ಹಮಾಲನ ಮನೆಯದೋ ಅವಳಿಗೆ ಲೆಕ್ಕವಿಲ್ಲ.

ಒಮ್ಮೆ ನಮ್ಮ ಓಣಿಯ ದೊಡ್ಡ ಮನೆಯ ಹೆಂಗಸೊಬ್ಬರು ಮಗನನ್ನು ಕರೆದುಕೊಂಡು ಬಂದು, "ಇವಗ ಒಂದು ಬ್ಯಾರೆ ರಿಮೋಟು ತೆಗದು ಇಡ್ರಿ. ಯಾರ್ಯಾರೋ ಮುಟ್ಟಿರ್ತಾರ" ಅಂದರು.

ಗೇಮಿನವ್ವ ಕೈಯಲ್ಲಿದ್ದ ಬ್ರಷ್ಷು ಕೆಳಗಿಡಲೂ ಇಲ್ಲ. "ಯಾರ್ಯಾರೋ ಅಂದ್ರ ಯಾರ್ರಿ ಅಕ್ಕಾರ? ನಿಮ್ಮ ಮಗ ಮುಟ್ಟಿದ್ದೂ ನಾನs ತೊಳಿಯಾಕಿ. ಬ್ಯಾರೇದು ಬೇಕಂದ್ರ ಮನ್ಯಾಗ ಕೊಡಸ್ರಿ. ಇಲ್ಲಿ ಬ್ಯಾರೆ ಅನ್ನಾದಿಲ್ಲ."

ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಗಬ್ಬೂರ ಸಾಲ್ಯಾಗ ನಮಗ ನೀರು ಮ್ಯಾಲಿಂದ ಹೊಯ್ತಿದ್ರು ತಮ್ಮಾ. ಬೊಗಸಿ ಹಿಡದು ಕುಡಿತಿದ್ವಿ. ನನ್ನ ಬೊಗಸಿ ಸ್ವಚ್ಛ ಅದನೋ ಇಲ್ಲೋ ಒಬ್ಬರೂ ಬಗ್ಗಿ ನೋಡ್ಲಿಲ್ಲ ನೋಡು" ಅಂದಳು. ಅಂದು ಅದೇನೆಂದು ನನಗೆ ಪೂರ್ತಿ ತಿಳಿಯಲಿಲ್ಲ. ಆಟ ತಡವಾಗುತ್ತಿದೆ ಎಂಬುದೊಂದೇ ಚಿಂತೆ.

ಮುಂದೆ ನಾನು ಡಿಪ್ಲೊಮಾ ಮುಗಿಸಿ, ನಮ್ಮೂರಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಅಚ್ಚುಗಳ ಡ್ರಾಯಿಂಗ್ ಮಾಡುವ ಕೆಲಸಕ್ಕೆ ಸೇರಿದೆ. ಸ್ವಿಚ್ಚಿನ ಮುಚ್ಚಳ, ಪೈಪಿನ ಮೊಣಕೈ, ಡಬ್ಬಿಯ ಬಿರಡೆ, ಇಂಥವೇ. ಹೀಗಿರುವಾಗ ಹೊರಗಿನ ಒಂದು ಕಂಪನಿಯಿಂದ ಹೊಸ ವಿಡಿಯೋ ಗೇಮ್ ಕಂಟ್ರೋಲರಿನ ಹೊರಕವಚ ತಯಾರಿಸುವ ಕೆಲಸ ಬಂತು. ನಮ್ಮ ಮಾಲೀಕರು ಅದನ್ನು ನನಗೇ ಒಪ್ಪಿಸಿದರು. ಓಣಿಯ ಹುಡುಗರು ರಿಮೋಟು ಅನ್ನುವ ವಸ್ತುವನ್ನು ನಾನೇ ಮಾಡುತ್ತಿದ್ದೇನೆಂದು ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅಚ್ಚಿಲ್ಲದೆ ತ್ರೀ-ಡಿ ಪ್ರಿಂಟರಿನಲ್ಲಿ ಮುದ್ರಿಸಿ ಒಳಗಿನ ಬೋರ್ಡು ಕೂರಿಸಿದ ಮೊದಲ ಸ್ಯಾಂಪಲ್ಲು ಕೈಗೆ ಬಂದ ದಿನವೇ ಅವಳ ಅಂಗಡಿಗೆ ಒಯ್ದೆ.

ಅವಳು ಅದನ್ನು ನೋಡಲೇ ಇಲ್ಲ. ತಿರುವಿ ಹಾಕಿ ಉಗುರು ಇಳಿಸಿದಳು.

"ಸಂದು ಇಲ್ಲಿ ಯಾಕ ಇಟ್ಟಿ? ಅಂಗೈ ಒತ್ತೋ ಜಾಗದಾಗ?"

"ಎರಡು ಹೋಳು ಅಲ್ಲೇ ಕೂಡಬೇಕು ಯವ್ವಾ. ಅಚ್ಚಿಗಿ ಅದs ಅನುಕೂಲ."

"ಅಚ್ಚಿಗಿ ಬೆವರು ಬರತದೇನು?"

ಸ್ಯಾಂಪಲ್ಲನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಮೂರು ದಿನ ಕೂತು ಸಂದನ್ನು ಅಂಗೈ ತಾಗದ ಬೆನ್ನಿನ ಕಡೆಗೆ ಸರಿಸಿದೆ. ಅಚ್ಚನ್ನು ಉಕ್ಕಿನಲ್ಲಿ ಕೊರೆಯುವ ಮುನ್ನ ಇಂಥ ಬದಲಾವಣೆಗೆ ಕಷ್ಟವಿಲ್ಲ, ಕೊರೆದ ಮೇಲೆ ದೇವರು ಬಂದರೂ ಆಗುವುದಿಲ್ಲ. ಎರಡನೆಯ ಸ್ಯಾಂಪಲ್ಲು ಒಯ್ದಾಗ ಅವಳು, ರಾಯಚೂರಿನ ಕೈಯಷ್ಟೇ ನೋಡಿದರೆ ಸಾಲದು ಅಂದಳು. "ಮಾನ್ವಿಗಿ ಒಂದು ಕಳಸು, ರೈಸ್‌ಮಿಲ್ ಹುಡುಗರು ಆಡ್ಲಿ. ದೇವದುರ್ಗಕ್ಕ ಒಂದು ಕಳಸು, ಹತ್ತಿ ಬಿಡಸೋರ ಕೈಯಾಗ ಇರ್ಲಿ. ಆಮ್ಯಾಲ ಮಾತಾಡೂಣು."

ಮಾನ್ವಿಯಲ್ಲಿ ಚಹಾದಂಗಡಿಯ ಪಕ್ಕದ ಕೋಣೆಯಲ್ಲಿ, ದೇವದುರ್ಗದಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಗೇಮಿನ ಟಿ.ವಿ. ಇದ್ದವು. ಎರಡೂ ಕಡೆ ಒಂದೊಂದು ಇಟ್ಟು ಬಂದೆ. ತಿಂಗಳಾದ ಮೇಲೆ ವಾಪಸು ತರಲು ಬಸ್ಸಿನಲ್ಲಿ ನನ್ನ ಜೊತೆ ಅವಳೂ ಬಂದಳು. ಮಾನ್ವಿಯದರಲ್ಲಿ ಬಟನ್ನಿನ ಸುತ್ತ ಭತ್ತದ ಹೊಟ್ಟಿನ ಧೂಳು ಬೆವರಿನ ಜೊತೆ ಕಲೆತು ಗಟ್ಟಿಯಾಗಿ, ಒತ್ತಿದ ಬಟನ್ನು ಮೇಲೇಳುತ್ತಿರಲಿಲ್ಲ. ದೇವದುರ್ಗದ್ದರಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಗೂಟದ ಕುತ್ತಿಗೆಗೆ ಹತ್ತಿಯ ಎಳೆ ಕದಿರಿಗೆ ಸುತ್ತಿದಂತೆ ಸುತ್ತಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೂಗು ಮುಚ್ಚಿಕೊಂಡು ನೋಡುತ್ತಿರಲು, ಅವಳು ಅದನ್ನೆಲ್ಲ ಕೆದರಿ ಬೇರೆ ಬೇರೆ ಪೊಟ್ಟಣ ಕಟ್ಟಿದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಅವಳು ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಾಲ್ಕು ಪುಟ ಆಯಿತು. ಸಂದು ಬೆನ್ನಿಗೆ ಇರಬೇಕು. ಗೂಟದ ಬುಡಕ್ಕೆ ಬಿಗಿಯಾದ ಬಳೆ ಬೇಕು. ಬಟನ್ನಿನ ಸುತ್ತ ಕಡ್ಡಿ ಹೋಗುವಷ್ಟಾದರೂ ಜಾಗ ಇರಬೇಕು, ಇಲ್ಲವೆಂದರೆ ಕೂದಲೂ ಹೋಗಬಾರದು. ನಾನು ಇದನ್ನೆಲ್ಲ ಪುಸ್ತಕದ ಭಾಷೆಗೆ ತಿರುಗಿಸುತ್ತಿರುವುದನ್ನು ಕಂಡು, "ನನ್ನ ಮಾತು ನನ್ನಂಗs ಬರಿ ಲೇ. ನಿನ್ನ ಸಾಲಿ ಭಾಷಾ ಬ್ಯಾಡ" ಅಂದಳು. ಆಮೇಲೆ ಪೊಟ್ಟಣಗಳನ್ನು ಚೀಲಕ್ಕೆ ಹಾಕುತ್ತ ಕೇಳಿದಳು.

"ಇದು ಕಂಪನಿಗಿ ಹೋಗತದೇನು?"

"ಹೋಗತದ."

"ನನ್ನ ಹೆಸರು?"

"ಹಾಕ್ತೀನಿ ಯವ್ವಾ. ಮ್ಯಾಲೇ ಹಾಕ್ತೀನಿ."

ಹುಡುಗರ ಕಿವಿ ಹಿಂಡುವ ಆ ಹೆಂಗಸು ಸೆರಗು ಬಾಯಿಗೆ ಅಡ್ಡ ಹಿಡಿದು ಆ ಕಡೆ ತಿರುಗಿದಳು. ಅವಳು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಗಬ್ಬೂರಿನ ಸ್ಟಾಪು ಬಂದಾಗ ಬಸ್ಸಿನಿಂದ ಬಗ್ಗಿ, ಕಟ್ಟೆಯ ಮೇಲೆ ಕೂತಿದ್ದ ಯಾರೋ ಪರಿಚಯದವರಿಗೆ, "ಕಂಪನಿ ಕೆಲಸಕ್ಕ ಹೋಗಿದ್ನಿ" ಎಂದು ಕೂಗಿ ಹೇಳಿದಳು.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ.

ಕಂಪನಿಯ ಡಿಸೈನಿನ ಸಾಹೇಬರು ನಮ್ಮಲ್ಲಿಗೆ ಬಂದರು. ಬೆನ್ನಿನ ಕಡೆ ಬಣ್ಣದ ಲೈಟಿನ ಪಟ್ಟಿ ಬರಬೇಕಂತೆ, ಅದಕ್ಕೆ ಸಂದು ಮತ್ತೆ ಅಂಗೈಯ ಜಾಗಕ್ಕೇ ಬರಬೇಕಂತೆ. ಆಡುವವನ ಕಣ್ಣಿಗೇ ಬೀಳದ ಲೈಟು ಅದು. ಎದುರಿಗಿದ್ದವರು ನೋಡಲಿ ಎಂದು. ಅದರ ಮೇಲೆ ಇಡೀ ಕವಚಕ್ಕೆ ಮೆತ್ತನೆಯ ರಬ್ಬರ್ ಲೇಪ. "ಮುಟ್ಟಿದ್ರೆ ಮಗು ಕೆನ್ನೆ ಮುಟ್ಟಿದ ಹಾಗಿರ್ಬೇಕು" ಅಂದರು. ಮೇಜಿನ ಸುತ್ತ ಕೂತ ನಾವೆಲ್ಲ ತಲೆಯಾಡಿಸಿದೆವು. ಸುಳ್ಳೇಕೆ, ಆ ಲೇಪ ನನಗೂ ಇಷ್ಟವಾಯಿತು. ಲೇಪ ಹಾಕಿದ ಮೂರು ಸ್ಯಾಂಪಲ್ಲುಗಳನ್ನು ಹಿಂದಿನಂತೆಯೇ ಮೂರು ಊರಿಗೂ ಹಂಚಿದೆ. ಬೇಸಿಗೆ ಆಗ ತಾನೇ ಶುರುವಾಗಿತ್ತು.

ನಮ್ಮ ಬೇಸಿಗೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಆ ತಗಡಿನ ಕೆಳಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಮಗುವಿನ ಕೆನ್ನೆ ಕರಗಿ ಜಿಗಟಾಯಿತು. ಹಿಡಿದ ಕೈಗೆ ಕಪ್ಪು ಅಂಟುತ್ತಿತ್ತು. ಕೂದಲು, ನೊಣದ ಕಾಲು, ಭಜಿಯ ಹಿಟ್ಟು, ಯಾರದೋ ಕೈಯ ಸುಲಿದ ಸಿಪ್ಪೆ, ಎಲ್ಲ ಅದರ ಮೈಗೆ ಹತ್ತಿ ಕೂತಿದ್ದವು. ಹುಳಿ ಹುಳಿ ವಾಸನೆ. ಸ್ಪಿರಿಟ್ಟಿನಿಂದ ಒರೆಸಿದ್ದಕ್ಕೇ ಹೀಗಾಯಿತೇನೋ ಎಂದು ಮಾನ್ವಿಯದನ್ನು ತರಿಸಿ ನೋಡಿದೆ. ಅಲ್ಲಿ ಯಾರೂ ಒರೆಸಿರಲಿಲ್ಲ, ಅದೂ ಹೀಗೇ, ಮೇಲೆ ಹೊಟ್ಟಿನ ಧೂಳು ಬೇರೆ. ನಾನು ಅದನ್ನು ಕೈಯಿಂದ ಕೆಳಗೆ ಹಾಕಿ ನಲ್ಲಿಗೆ ಓಡಿದೆ. ಗೇಮಿನವ್ವ ಮಾತ್ರ ಅದನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಯಾವ ಹೊಲಸನ್ನಾದರೂ ಮೂಸಿ ಹೆಸರು ಹೇಳುವವಳು ಅಂದು ಮೂಸಲಿಲ್ಲ.

"ಇದಕ್ಕ ಹೊಲಸು ಹತ್ತಿದ್ರ ತೊಳಿತಿದ್ನಿ ತಮ್ಮಾ. ಇದs ಹೊಲಸಾಗೇದ. ಇದನ್ನ ಹ್ಯಾಂಗ ತೊಳಿಯಾದು?"

ಸಾಹೇಬರು ಮುಂದಿನ ಸಲ ಬಂದಾಗ ಅವಳನ್ನೇ ಕರೆದುಕೊಂಡು ಹೋದೆ. ನಾನು ಹೇಳಿದರೆ ನಂಬುವುದಿಲ್ಲ, ಅವಳೇ ಹೇಳಲಿ ಎಂದು. ಅವಳು ಮದುವೆಗೆ ಉಡುವ ಸೀರೆ ಉಟ್ಟು, ಮೂರೂ ಸ್ಯಾಂಪಲ್ಲುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಎ.ಸಿ. ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಳು. ಚೀಲ ಬಿಚ್ಚಿ ಮೇಜಿನ ಮೇಲಿಟ್ಟಾಗ ಸಾಹೇಬರು ಟಿಶ್ಯೂ ಕಾಗದ ತೆಗೆದು, ಒಂದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ, ಮತ್ತೆ ಕೆಳಗಿಟ್ಟರು.

"ಇದು ಪ್ರಾಡಕ್ಟ್ ಪ್ರಾಬ್ಲಮ್ ಅಲ್ಲ, ಇಲ್ಲಿನ ಕೈಗಳ ಪ್ರಾಬ್ಲಮ್. ನಮ್ಮ ಕಸ್ಟಮರ್ ಕೈ ಹೀಗಿರಲ್ಲ" ಅಂದರು. ಅಂದದ್ದು ನನಗೆ. ಅವಳ ಕಡೆ ನೋಡಲೂ ಇಲ್ಲ.

ಅವಳು ಎದ್ದು ನಿಂತಳು. ಸಾಹೇಬರ ಮುಂದೆ ಅವರದೇ ಒಂದು ಸ್ಯಾಂಪಲ್ಲು ಇತ್ತು. ಊರೂರಿಗೆ ಒಯ್ದು ಜನರಿಗೆ ತೋರಿಸುವಂಥದು, ಹೊಚ್ಚ ಹೊಸದರಂತೆ ಕಾಣುತ್ತಿತ್ತು. "ಒಂದು ನಿಮಿಷ ಕೊಡ್ರಿ ಸಾಹೇಬ್ರ" ಎಂದು, ಅವರು ಕೊಡುವ ಮುನ್ನವೇ ಎತ್ತಿಕೊಂಡು ಸಂದಿನಲ್ಲಿ ಉಗುರು ಇಳಿಸಿ ಎಳೆದಳು. ಬಂತು. ಕಂದು ಬಣ್ಣದ್ದು, ಸಣ್ಣ ಎಳೆ. ಅದನ್ನು ಅವರ ಬಿಳಿಯ ಟಿಶ್ಯೂ ಮೇಲೆ ಇಟ್ಟು, ಅವರ ಕಡೆ ಸರಿಸಿದಳು.

"ಇದು ನಿಮ್ದು. ಬಿಸ್ಕೀಟ ತಿಂದೀರಿ. ತಲಿಗಿ ಏನೋ ವಾಸನಿ ಎಣ್ಣಿ ಹಚ್ಚೀರಿ. ಉಳಿದದ್ದು ಬೆವರು, ಅದು ನಮ್ದೂ ನಿಮ್ದೂ ಒಂದs ಅದ."

ಗಾಜಿನಾಚೆ ನಿಂತಿದ್ದ ಮಷೀನಿನವನೊಬ್ಬ ಕಿಸಕ್ಕನೆ ನಕ್ಕು ಓಡಿಹೋದ. ಸಾಹೇಬರ ಮುಖ ಕೆಂಪಾಯಿತು. ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ನನಗೆ ಅಂದು ಎಷ್ಟು ಹೆಮ್ಮೆಯಾಯಿತೆಂದರೆ, ಅವಳನ್ನು ಗೇಟಿನವರೆಗೂ ಬಿಡಲು ಹೋಗಿ ಆಟೋ ಹತ್ತಿಸಿ ಬಂದೆ. ಹೆಮ್ಮೆ ಮರುದಿನ ಬೆಳಿಗ್ಗೆಯವರೆಗೆ ಇತ್ತು.

ಬೆಳಿಗ್ಗೆ ಮಾಲೀಕರು ಒಂದು ಹಾಳೆ ಮುಂದಿಟ್ಟರು. ಸ್ಥಳೀಯ ಪರೀಕ್ಷೆಯು ಅನೈರ್ಮಲ್ಯದ ಸ್ಥಳದಲ್ಲಿ, ಅನೈರ್ಮಲ್ಯದ ವ್ಯಕ್ತಿಗಳಿಂದ ನಡೆದಿರುವುದರಿಂದ ಅದರ ಫಲಿತಾಂಶವನ್ನು ಪರಿಗಣಿಸಿಲ್ಲ ಎಂದು ಅದರಲ್ಲಿತ್ತು. ಕೆಳಗೆ ಪರೀಕ್ಷೆ ನಡೆಸಿದವರ ಸಹಿಗೆ ಜಾಗ. "ಸಾಹೇಬ್ರು ಕೇಳ್ಯಾರ. ಇಲ್ಲಂದ್ರ ಅಚ್ಚಿನ ಕೆಲಸ ಬ್ಯಾರೆ ಕಡಿ ಹೋಗತದ" ಅಂದರು. ಗದರಿಸಲಿಲ್ಲ, ಬೈಯಲಿಲ್ಲ. ಅನೈರ್ಮಲ್ಯದ ವ್ಯಕ್ತಿಗಳು! ಇಡೀ ರಾಯಚೂರಿನಲ್ಲಿ ಅವಳಷ್ಟು ಕೈ ತೊಳೆದವರು, ತೊಳೆಸಿದವರು ಯಾರಿದ್ದರು? ಹಾಗೆಂದು ನಾನು ಹೇಳಿದೆನೇ? ಪೆನ್ನು ಕೇಳಿದೆ. ಕೊಟ್ಟರು. ಸಹಿ ಹಾಕಿದೆ. ಆ ಸಾಹೇಬರ ಮೇಲೆ ನನಗೆ ಇವತ್ತಿಗೂ ಅಸಹ್ಯವಿದೆ, ಆದರೆ ಅವರು ಹೊರಗಿನವರು, ಅವಳ ಅಂಗಡಿಯಲ್ಲಿ ಕೂತು ಬೆಳೆದವರಲ್ಲ. ನನ್ನ ಮೇಲಿನದು ಅದಕ್ಕಿಂತ ಕೆಟ್ಟದು. ನೋಟ್‌ಬುಕ್ಕನ್ನು ಡ್ರಾಯರಿನ ತಳಕ್ಕೆ ಹಾಕಿದೆ.

ವಾರ ಬಿಟ್ಟು ಅವಳು ಕೇಳಿದಳು. "ಕಳಸಿದೇನು ನಮ್ಮ ಕಾಗದ?"

"ಕಳಸೀನಿ."

"ಹೆಸರು?"

"ಮ್ಯಾಲೇ ಹಾಕೀನಿ ಯವ್ವಾ."

ಆ ಸಂಜೆ ಅಂಗಡಿಯಲ್ಲಿದ್ದ ಹುಡುಗರಿಗೆಲ್ಲ ಒಂದೊಂದು ಆಟ ಪುಕ್ಕಟೆ ಬಿಟ್ಟಳು.

ಕಂಟ್ರೋಲರು ಸಾಹೇಬರು ಬಯಸಿದಂತೆಯೇ ತಯಾರಾಗಿ ಮಾರುಕಟ್ಟೆಗೆ ಹೋಯಿತು. ಒಂದು ಬೇಸಿಗೆ ಕಳೆಯಿತು. ಆಮೇಲೆ ವಾಪಸು ಬರತೊಡಗಿದವು, ಮೂಟೆ ಮೂಟೆ. ಒಳಗಿನ ಬೋರ್ಡು ತೆಗೆದು ಪ್ಲಾಸ್ಟಿಕ್ಕು ಪುಡಿ ಮಾಡಲು ನಮ್ಮಲ್ಲಿಗೇ ಕಳಿಸಿದ್ದರು. ಹಮಾಲರು ಮೂಟೆ ಬಿಚ್ಚಿದ ದಿನ ಆ ವಾಸನೆಗೆ ನಾನು ಹೊರಗೆ ಹೋಗಿ ವಾಂತಿ ಮಾಡಿಕೊಂಡೆ. ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಎಲ್ಲೆಲ್ಲಿಯವೋ, ದೊಡ್ಡ ದೊಡ್ಡ ಊರಿನವು. ಅಂಗೈ ಕೂರುವ ಸಂದಿನಲ್ಲೆಲ್ಲ ಕಪ್ಪು. ಸಾಹೇಬರ ಕಸ್ಟಮರ್ ಕೈ ಹೀಗಿರುವುದಿಲ್ಲವಂತೆ.

ಮಾಲೀಕರು ನನ್ನ ಹತ್ತಿರ ಬಂದು, "ಹಳೇ ಡ್ರಾಯಿಂಗ್ ಒಂದಿತ್ತಲ್ಲ, ಸಂದು ಬೆನ್ನಿಗಿದ್ದದ್ದು, ತಗಿ" ಅಂದರು. ತೆಗೆದುಕೊಟ್ಟೆ. ಅಚ್ಚನ್ನೇ ಹೊಸದಾಗಿ ಕೊರೆದೆವು. ಲೇಪ ಹೋಯಿತು, ಲೈಟು ಹೋಯಿತು, ಗೂಟದ ಬುಡಕ್ಕೆ ಬಳೆ ಬಂತು. ನಾಲ್ಕು ಪುಟದಲ್ಲಿದ್ದ ಒಂದು ಮಾತೂ ಬಿಡದೆ ಎಲ್ಲ ಬಂತು. ಹೊಸ ಡಬ್ಬಿಯ ಮೇಲೆ, ಪರಿಣತರ ತಂಡವು ಪ್ರಯೋಗಾಲಯದಲ್ಲಿ ರೂಪಿಸಿದ ಹಿಡಿತ ಎಂದು ಅಚ್ಚು ಹಾಕಿಸಿದ್ದರು. ಅದನ್ನು ಓದಿ ಮಾಲೀಕರು ನಕ್ಕರು. ನಾನೂ ನಕ್ಕೆ ಅನ್ನುವುದನ್ನು ಬರೆದೇ ಬಿಡುತ್ತೇನೆ.

ಒಂದನ್ನು ಅವಳಿಗೆ ಒಯ್ದೆ. ಅಷ್ಟರಲ್ಲಿ ಅವಳಿಗೆ ಹೊಟ್ಟೆಯ ಕಾಯಿಲೆ ಬಂದು ಅಂಗಡಿ ವಾರಕ್ಕೆರಡು ದಿನ ಮಾತ್ರ ತೆರೆಯುತ್ತಿತ್ತು. ಮೈ ಇಳಿದು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹೊಸ ಕಂಟ್ರೋಲರನ್ನು ತಿರುವಿ, ಬೆನ್ನು, ಬುಡ, ಬಟನ್ನು, ಎಲ್ಲ ಸವರಿ ನೋಡಿದಳು.

"ಯಾರೋ ತಿಳದವರು ಮಾಡ್ಯಾರ" ಅಂದಳು. ಆಮೇಲೆ ಕಣ್ಣು ಅರಳಿಸಿ, "ನಾವು ಬರದದ್ದು ಓದ್ಯಾರ ಅಲ್ಲೇನು ತಮ್ಮಾ?"

ಅಲ್ಲಿಯಾದರೂ ಹೇಳಬಹುದಿತ್ತು. "ಓದ್ಯಾರ ಯವ್ವಾ" ಅಂದೆ.

ಈ ವರ್ಷ ಅವಳು ತೀರಿಕೊಂಡಳು. ಮಣ್ಣಿಗೆ ಹೋಗಲು ಆಗಲಿಲ್ಲ, ಮೂರನೆಯ ದಿನ ಗಬ್ಬೂರಿಗೆ ಹೋದೆ. ಮಗಳು ಈಗ ಅಲ್ಲೇ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಪಟಕ್ಕೆ ಹಾರ ಹಾಕಿ, ಬಂದವರಿಗೆಲ್ಲ ಚಹಾ ಕೊಡುತ್ತಿದ್ದಳು. ನನ್ನನ್ನು ಕೂರಿಸಿ, ನೆರೆದವರಿಗೆ, "ಅವ್ವ ಹೇಳ್ತಿದ್ಲಲ್ಲ, ಕಂಪನಿ ಸರ್, ಇವರs" ಎಂದು ತೋರಿಸಿದಳು. ಎಲ್ಲರೂ ನನಗೆ ಕೈ ಮುಗಿದರು.

"ಕಂಪನಿ ಕಾಗದದಾಗ ನನ್ನ ಹೆಸರು ಅದ ಅಂತ ಅವ್ವ ಊರ ತುಂಬ ಹೇಳ್ಯಾಳ್ರಿ ಸರ್. ಕೆಲವರು ನಂಬಂಗಿಲ್ಲ. ನೀವು ಅದರ ಒಂದು ಜೆರಾಕ್ಸ್ ಕೊಟ್ರ ಚೌಕಟ್ಟ ಹಾಕ್ಸಿ ಪಟದ ಬಾಜೂ ಹಚ್ತೀವಿ. ಒಮ್ಮಿ ಎಲ್ಲಾರ ಮುಂದ ಓದಿ ಹೇಳ್ತೀನಿ."

"ತರ್ತೀನಿ" ಅಂದೆ.

ಕಂಪನಿಯಲ್ಲಿ ಗೇಮಿನವ್ವನ ಬಗ್ಗೆ ಇರುವುದು ಒಂದೇ ಕಾಗದ, ಅದರ ಕೆಳಗೆ ನನ್ನ ಸಹಿ ಇದೆ. ಜೆರಾಕ್ಸ್ ಮಾಡಿಸಿದ್ದೇನೆ. ನೋಟ್‌ಬುಕ್ಕಿನ ನಾಲ್ಕು ಪುಟ ಹರಿದಿಟ್ಟಿದ್ದೇನೆ, ಮೇಲೆ ಅವಳ ಹೆಸರು ಈಗ ಬರೆದೆ, ಶಾಯಿ ಹೊಸದೆಂದು ಯಾರಿಗಾದರೂ ಗೊತ್ತಾಗುತ್ತದೆ. ಇವುಗಳ ಜೊತೆ ಈಗ ಬರೆಯುತ್ತಿರುವ ಈ ಹಾಳೆಗಳನ್ನೂ ಸೇರಿಸಿ ಭಾನುವಾರದ ಬಸ್ಸಿಗೆ ಹೋಗುತ್ತೇನೆ. ಮಗಳು ಟೀಚರ್, ಹಿಂದೆ ಕೂತವರಿಗೂ ಕೇಳುವಂತೆ ಜೋರಾಗಿ ಓದುತ್ತಾಳೆ. ಅನೈರ್ಮಲ್ಯದ ವ್ಯಕ್ತಿಗಳು ಎಂಬ ಸಾಲು ಬಂದಾಗ ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ಆಗ ನಾನು ಅಲ್ಲೇ, ಅವಳ ಜನರ ನಡುವೆ ಕೂತಿರಬೇಕು.